ವಾಘ್ಯಾನ ಆಪರೇಷನ್ ಮೂರು ಸಲ ಮುಂದಕ್ಕೆ ಹೋಯಿತು

ಆ ನಾಯಿ ಮೊದಲ ಸಲ ನನ್ನ ಮುಂದೆ ಬಂದದ್ದು ಗೋಣಿಚೀಲದೊಳಗೆ. ತಲೆಯೊಂದು ಹೊರಗಿತ್ತು, ಬಾಯಿಗೆ ಹಳೆಯ ಸೀರೆಯ ಅಂಚು ಸುತ್ತಿದ್ದರು. ಮಂಠಾಳದ ಕಡೆಯಿಂದ ಟಂಟಂ ಆಟೋದಲ್ಲಿ ಅದನ್ನು ಹೊತ್ತು ತಂದಿದ್ದ ಗಂಡ ಹೆಂಡತಿ ಇಬ್ಬರೂ ಬೆವೆತು ಹೋಗಿದ್ದರು. ನಾನು ಹುಮನಾಬಾದಿನ ಆಸ್ಪತ್ರೆಯಿಂದ ವರ್ಗವಾಗಿ ಬಸವಕಲ್ಯಾಣ ತಾಲೂಕಿನ ಈ ಪಶು ಆಸ್ಪತ್ರೆಗೆ ವೈದ್ಯೆಯಾಗಿ ಬಂದು ಆಗ ಎರಡು ವರ್ಷವಾಗಿತ್ತು. ಮನೆ ಇನ್ನೂ ಹುಮನಾಬಾದಿನಲ್ಲೇ ಇತ್ತು, ದಿನಾ ಬಸ್ಸಿನಲ್ಲಿ ಓಡಾಟ. ಆ ದಿನ ಹೊರಗೆ ಆರು ಎಮ್ಮೆ, ಒಂದು ಹೊಟ್ಟೆಯುಬ್ಬರದ ಹಸು ಕಾಯುತ್ತಿದ್ದವು. ನಾಯಿ ಚೀಲದೊಳಗಿಂದಲೇ ಎಲ್ಲರ ಮೇಲೂ ಗುರುಗುಟ್ಟುತ್ತಿತ್ತು.

ಕುತ್ತಿಗೆಯ ಮೇಲೆ ಬೇರೆ ನಾಯಿ ಕಚ್ಚಿದ ಗಾಯ, ಅದರಲ್ಲಿ ಹುಳ. ನಮ್ಮ ಸಹಾಯಕರು ನಿವೃತ್ತಿಗೆ ಹತ್ತಿರ ಬಂದ ಮನುಷ್ಯ, ನಾನು ಅವರನ್ನು ಕಾಕಾ ಅಂತಲೇ ಕರೆಯುತ್ತೇನೆ. ಅವರು ತಲೆ ಹಿಡಿದರು, ನಾನು ಚಿಮಟದಿಂದ ಒಂದೊಂದೇ ಹುಳ ತೆಗೆದೆ. ಕೆಲಸ ಮುಗಿಯುವವರೆಗೆ ಆ ಹೆಣ್ಣುಮಗಳು ನಾಯಿಯ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದರು. ಮುಗಿದ ಮೇಲೆ ನನ್ನ ಕಡೆ ತಿರುಗಿ ಕಥೆ ಹೇಳಿದರು.

ಅವರಿಗೆ ಮೂವತ್ತೆರಡು ಆಡು. ಊರಾಚೆ ಹೊಲದಲ್ಲಿ ಹಟ್ಟಿ. ಸುತ್ತ ಕುರುಚಲು ಕಾಡು, ತೋಳ ಬರುತ್ತದೆ. ಈ ನಾಯಿ, ವಾಘ್ಯಾ, ಇರುವವರೆಗೆ ಚಿಂತೆಯಿಲ್ಲ, ಅವನು ಮಲಗುವುದೇ ಹಟ್ಟಿಯ ಬಾಗಿಲಿಗೆ ಅಡ್ಡ. ಆದರೆ ಎಲ್ಲಾದರೂ ಹೆಣ್ಣುನಾಯಿ ಬೆದೆಗೆ ಬಂದರೆ ಸಾಕು, ನಾಲ್ಕು ಊರು ದಾಟಿ ಹೋಗಿಬಿಡುತ್ತಾನೆ. ಹೋದ ಚಳಿಗಾಲದಲ್ಲಿ ಹೀಗೆ ಹೋದಾಗ ಕಬ್ಬಿನ ಟ್ರ್ಯಾಕ್ಟರು ಹಿಂಗಾಲಿನ ಬೆರಳುಗಳ ಮೇಲೆ ಹಾದಿತ್ತು. ಈ ಸಲ ನಾಲ್ಕು ದಿನ ನಾಪತ್ತೆ. ಆ ನಾಲ್ಕು ದಿನದಲ್ಲಿ ತೋಳ ಎರಡು ಮರಿ ಒಯ್ದಿತ್ತು.

“ಖಸ್ಸಿ ಮಾಡಿದ್ರ ಅಲೆಯೋದು ಬಿಡ್ತದಂತ ಯಾರೋ ಅಂದ್ರು. ಖರೆ ಏನ್ರಿ ಮೇಡಂ?”

ಬೀಜ ತೆಗೆಸುವ ಆ ಮಾತು ಕೇಳಿ ಅವರ ಗಂಡ ಬಾಗಿಲ ಕಡೆ ಮುಖ ತಿರುಗಿಸಿದರು.

ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ, ಜಗಳವೂ ಕಡಿಮೆಯಾಗುತ್ತದೆ, ಆದರೆ ಪೂರ್ತಿ ಖಾತ್ರಿ ಕೊಡಲು ಬರುವುದಿಲ್ಲ ಅಂದೆ. ಮನೆಗೆ ಹೋಗಿ ವಿಚಾರ ಮಾಡಿ ಅಂದೆ. ಹೇಳುವಾಗ ನನ್ನ ದನಿ ಸರಿಯಾಗಿಯೇ ಇತ್ತು. ಮನಸ್ಸಿನಲ್ಲಿ ಮಾತ್ರ ಇವರು ತಿರುಗಿ ಬಾರದಿದ್ದರೆ ಒಳ್ಳೆಯದು ಅಂದುಕೊಳ್ಳುತ್ತಿದ್ದೆ.

ಅದಕ್ಕೆ ಕಾರಣ ಹುಮನಾಬಾದಿನಲ್ಲಿತ್ತು. ಅಲ್ಲಿದ್ದ ಕೊನೆಯ ತಿಂಗಳಲ್ಲಿ ಒಬ್ಬ ಶಾಲಾ ಮಾಸ್ತರರ ನಾಯಿಗೆ ಇದೇ ಆಪರೇಷನ್ ಮಾಡಿದ್ದೆ. ಅರ್ಧ ತಾಸಿನ ಕೆಲಸ. ಹೊಲಿಗೆ ಹಾಕಿ ಮನೆಗೆ ಕಳಿಸಿದೆ, ಸಂಜೆಯ ಹೊತ್ತಿಗೆ ನಾಯಿ ಸತ್ತುಹೋಯಿತು. ಮಾಸ್ತರರು ಒಂದು ಮಾತೂ ಅನ್ನಲಿಲ್ಲ. ಅರಿವಳಿಕೆ ಹೆಚ್ಚಾಗಿರಬೇಕು ಅಂತ ನಾನೇ ತೀರ್ಮಾನ ಮಾಡಿಕೊಂಡೆ. ಅಲ್ಲಿಂದ ಮುಂದೆ ಎತ್ತುಗಳಿಗೆ, ಹೋತಗಳಿಗೆ ಎಷ್ಟೋ ಮಾಡಿದ್ದೇನೆ, ನಾಯಿಗೆ ಒಂದೂ ಮಾಡಿರಲಿಲ್ಲ. ಯಾರಾದರೂ ಕೇಳಿದರೆ ಬೀದರಿಗೆ ಒಯ್ಯಿರಿ, ಅಲ್ಲಿ ಸೌಕರ್ಯ ಚೆನ್ನಾಗಿದೆ ಅನ್ನುತ್ತಿದ್ದೆ. ಅದು ಸುಳ್ಳಲ್ಲ, ಆದ್ದರಿಂದ ಹೇಳುವುದು ಸುಲಭವಾಗಿತ್ತು.

ವಾರದ ಮೇಲೆ ಆ ಹೆಣ್ಣುಮಗಳು ಒಬ್ಬರೇ ಬಂದರು, ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ. ಆಡಿಗೆ ಜಂತಿನ ಔಷಧಿ ಬೇಕು ಅಂದರು, ತೆಗೆದುಕೊಂಡರು, ಆದರೂ ಹೋಗಲಿಲ್ಲ. ಬೆಂಚಿನ ಮೇಲೆ ಕೂತು ಹೇಳಿದರು:

“ಹುಮನಾಬಾದದಾಗ ಒಬ್ಬ ಮಾಸ್ತರ ನಾಯಿ ಇದೇ ಆಪರೇಷನ್ ಮಾಡಿಸಿ ಸತ್ತುಹೋಯ್ತಂತಲ್ರಿ. ನಮ್ಮ ತಂಗಿ ಅಲ್ಲೇ ಇರ್ತಾಳ, ಅಕಿ ಹೇಳಿದಳು.”

“ಒಮ್ಮೊಮ್ಮೆ ಹಂಗ ಆಗ್ತದ ಅಕ್ಕಾ” ಅಂದೆ. ಅಂದು ರಿಜಿಸ್ಟರಿನಲ್ಲಿ ಬರೆಯತೊಡಗಿದೆ. ಬರೆಯುವುದಕ್ಕೆ ಏನೂ ಇರಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದದ್ದು ಗೊತ್ತಾಗುತ್ತಿತ್ತು. ಬೀದರಿನ ಮಾತೆತ್ತಿದೆ. ಆಡು ಬಿಟ್ಟು ಅಷ್ಟು ದೂರ ಹ್ಯಾಂಗ ಹೋಗಲಿ, ಈ ನಾಯಿಯನ್ನು ಯಾವ ಬಸ್ಸಿನಲ್ಲಿ ಹತ್ತಿಸಿಕೊಳ್ಳುತ್ತಾರೆ ಅಂತ ಕೇಳಿದರು.

ಆಮೇಲೆ ಫೋನುಗಳು ಶುರುವಾದವು. ಸೋಮವಾರ ಮಾಡಿಸ್ತೀವಿ ಅನ್ನುವರು, ಬುಧವಾರ ಬ್ಯಾಡ ಅನ್ನುವರು. ಊರಲ್ಲಿ ಒಬ್ಬರು ನಾಯಿ ದಪ್ಪಗಾಗಿ ಓಡುವುದು ಬಿಡುತ್ತದೆ ಅಂದಿದ್ದರು. ಇನ್ನೊಬ್ಬರು ಬೊಗಳುವುದೇ ನಿಂತುಹೋಗುತ್ತದೆ, ತೋಳ ಬಂದರೂ ಬಾಲ ಅಲ್ಲಾಡಿಸುತ್ತದೆ ಅಂದಿದ್ದರು. ಎಮ್ಮೆಯ ಗರ್ಭ ಪರೀಕ್ಷೆ ಮಾಡುತ್ತ ತೋಳುದ್ದದ ಕೈಗವಸು ಹಾಕಿಕೊಂಡು ನಿಂತಿರುವಾಗ ಕಾಕಾ ಫೋನನ್ನು ನನ್ನ ಕಿವಿಗೆ ಹಿಡಿಯುವರು, ಆ ಕಡೆಯಿಂದ ಅದೇ ಪ್ರಶ್ನೆ. ಬೊಗಳುವುದು ಗಂಟಲಿನಿಂದ, ಅದನ್ನು ನಾವು ಮುಟ್ಟುವುದಿಲ್ಲ ಅಂತ ನಾನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ.

ಅಕ್ಕನ ಗಂಡನದು ಬೇರೆಯೇ ತಕರಾರು. ಒಂದು ದಿನ ಅವರೇ ಬಂದು ಕೂತರು. ಒಳ್ಳೆಯ ಮನುಷ್ಯ, ಜೈಭೀಮ್ ಹೇಳಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಗಂಡು ಪ್ರಾಣಿಯ ಗಂಡಸ್ತನ ತೆಗೆಯುವುದು ಪಾಪ ಅಲ್ಲವೇ ಅಂತ ಮೆಲ್ಲಗೆ ಕೇಳಿದರು. ನನಗೆ ಸಿಟ್ಟು ಬಂತು. ವರ್ಷಕ್ಕೆ ಹತ್ತು ಹನ್ನೆರಡು ಹೋತಮರಿಗಳನ್ನು ಇದೇ ಆಸ್ಪತ್ರೆಗೆ ತಂದು ಖಸ್ಸಿ ಮಾಡಿಸಿಕೊಂಡು ಹೋಗುವ ಮನುಷ್ಯ ಇವರು. ಆಗಿಲ್ಲದ ಪಾಪ ಈಗ ಎಲ್ಲಿಂದ ಬಂತು ಅಂತ ಕೇಳಿದೆ.

“ಹೋತ ಬ್ಯಾರೆ ರಿ” ಅಂದರು. “ವಾಘ್ಯಾ ನನ್ನ ಜೋಡಿ ಊಟ ಮಾಡ್ತಾನ.”

ಕಾಕಾ ಮೂಲೆಯಲ್ಲಿ ನಿಂತು ತಲೆಯಾಡಿಸುತ್ತಿದ್ದರು, ಅವರದೂ ಅದೇ ಅಭಿಪ್ರಾಯ ಅಂತ ಆಗ ಗೊತ್ತಾಯಿತು.

ಅಷ್ಟರಲ್ಲಿ ತೋಳ ಇನ್ನೊಂದು ಮರಿ ಒಯ್ದಿತು. ವಾಘ್ಯಾ ಆ ದಿನವೂ ಊರಲ್ಲಿರಲಿಲ್ಲ. ಅಕ್ಕ ಫೋನು ಮಾಡಿ, ದಿನ ಹೇಳ್ರಿ, ನಾನು ತರ್ತೀನಿ, ಅವರು ಏನಾರೆ ಅನ್ಲಿ ಅಂದರು. ಇನ್ನು ತಪ್ಪಿಸಿಕೊಳ್ಳುವ ದಾರಿ ನನಗಿರಲಿಲ್ಲ. ಬರುವ ಗುರುವಾರ ಅಂದೆ. ಹಿಂದಿನ ದಿನ ಸಂಜೆಯ ನಂತರ ಏನೂ ತಿನ್ನಿಸಬಾರದು, ಹೊಟ್ಟೆಯಲ್ಲಿ ಕೂಳಿದ್ದರೆ ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸನಾಳಕ್ಕೆ ಇಳಿದು ಪ್ರಾಣ ಹೋಗುತ್ತದೆ ಅಂತ ಮೂರು ಸಲ ಹೇಳಿದೆ. ಮೂರು ಸಲ ಹೂಂ ಅಂದರು.

ಗುರುವಾರ ನಾನು ಬೆಳಗಿನ ಮೊದಲ ಬಸ್ಸು ಹಿಡಿದು ಬಂದೆ. ಉಪಕರಣಗಳನ್ನು ಕುದಿಸಿದೆವು. ತೂಕ ನೋಡಬೇಕಿತ್ತು, ಕಾಕಾ ನಾಯಿಯನ್ನೆತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತರು, ಆಮೇಲೆ ಇಳಿಸಿ ಒಬ್ಬರೇ ನಿಂತರು. ಇಪ್ಪತ್ತೆರಡು ಕಿಲೋ. ಹುಮನಾಬಾದಿನ ನೆನಪಿನಲ್ಲಿ ಅರಿವಳಿಕೆಯ ಪ್ರಮಾಣವನ್ನು ಹಾಳೆಯ ಮೇಲೆ ಎರಡು ಸಲ ಲೆಕ್ಕ ಹಾಕಿದೆ. ಸಿರಿಂಜಿನಲ್ಲಿ ಔಷಧಿ ಎಳೆದುಕೊಂಡು ತಿರುಗಿದಾಗ ವಾಘ್ಯಾ ತೇಗಿದ. ನಾನು ಅವನ ಹೊಟ್ಟೆ ಮುಟ್ಟಿ ನೋಡಿದೆ. ಬಿಗಿಯಾಗಿತ್ತು.

ಏನು ತಿನ್ನಿಸಿದ್ದೀರಿ ಅಂದೆ. ಅಕ್ಕ ಗಂಡನ ಮುಖ ನೋಡಿದರು. ಅವರು ನೆಲ ನೋಡಿದರು.

“ಬರೇ ಹೊಟ್ಟ್ಯಾಗ ಹ್ಯಾಂಗ ಕಳಸಲಿ ಅಂತ ಎರಡು ರೊಟ್ಟಿ ಹಾಕ್ದೆ ರಿ. ಸ್ವಲ್ಪ ಸಾರು ಇತ್ತು. ಏನಾರೆ ಆದ್ರ ಅದೇ ಆಖರಿ ಊಟ ಆಗ್ತದಲ್ರಿ.”

ನಾನು ಸಿರಿಂಜನ್ನು ಟ್ರೇಯಲ್ಲಿಟ್ಟೆ. ಏನೇನು ಮಾತಾಡಿದೆನೋ ಈಗ ಪೂರ್ತಿ ನೆನಪಿಲ್ಲ. ದನಿ ಏರಿತ್ತು ಅಂತ ಮಾತ್ರ ಗೊತ್ತು, ಯಾಕೆಂದರೆ ಹೊರಗೆ ಎಮ್ಮೆ ಹಿಡಿದುಕೊಂಡು ನಿಂತವರು ಒಳಗೆ ಇಣುಕಿದರು. ಹೋಗಿ, ಮುಂದಿನ ಸೋಮವಾರ ಬನ್ನಿ ಅಂದೆ. ಅಕ್ಕ ದಾರಿಯುದ್ದಕ್ಕೂ ಗಂಡನನ್ನು ಬೈಯುತ್ತ ಹೋದರಂತೆ. ಟಂಟಂನವ ಆಮೇಲೆ ಕಾಕಾನಿಗೆ ಹೇಳಿದ.

ಸೋಮವಾರ ಉಪಕರಣ ಮತ್ತೆ ಕುದಿಸಿದೆವು. ಹನ್ನೊಂದಾದರೂ ಯಾರೂ ಬರಲಿಲ್ಲ. ಫೋನು ಮಾಡಿದರೆ ಅಕ್ಕ ಅಳುವಂತಾಗಿದ್ದರು. ರಾತ್ರಿಯಿಂದ ಊಟ ಕೊಟ್ಟಿರಲಿಲ್ಲ, ಬೆಳಗಿನ ಜಾವ ಹಗ್ಗ ಕಡಿದುಕೊಂಡು ಓಡಿಹೋಗಿದ್ದಾನೆ. ಕುದಿಸಿದ ಕತ್ತರಿ, ಇಕ್ಕಳ, ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟೆ. ಇನ್ನು ಈ ನಾಯಿಯ ಸುದ್ದಿಯೇ ಬೇಡ ಅಂತ ಕಾಕಾನ ಮುಂದೆ ಹೇಳಿದೆ. ಕಾಕಾ, ಬಿಡ್ರಿ ಮೇಡಂ, ಅದಕ್ಕೂ ತಿಳಿದದ, ಅಂದು ಚಹಾ ತರಲು ಹೋದರು.

ಮೂರು ದಿನ ಬಿಟ್ಟು ವಾಘ್ಯಾ ಬಂದ. ಗಂಡ ಒಬ್ಬರೇ ಕರೆತಂದಿದ್ದರು. ಬಲಗಿವಿಯ ಅಂಚು ಹರಿದಿತ್ತು, ಚಿಕ್ಕ ಗಾಯ, ಎರಡು ಹೊಲಿಗೆಗಿಂತ ಹೆಚ್ಚು ಬೇಡ. ಅಲ್ಲೇ ಮರಗಟ್ಟಿಸುವ ಸೂಜಿ ಕೊಟ್ಟು ಹೊಲಿದೆ. ಹೊಲಿದ ಮೇಲೂ ರಕ್ತ ಜಿನುಗುತ್ತಿತ್ತು. ಹತ್ತಿ ಒತ್ತಿ ಹಿಡಿದೆ. ಐದು ನಿಮಿಷ, ಹತ್ತು ನಿಮಿಷ. ತೆಗೆದರೆ ಮತ್ತೆ ಜಿನುಗು. ಕಿವಿಯಲ್ಲಿ ರಕ್ತ ಜಾಸ್ತಿ ಅಂತ ಮೊದಲು ಸಮಾಧಾನ ಹೇಳಿಕೊಂಡೆ. ಕಾಲು ಗಂಟೆಯಾದಾಗ ಸಮಾಧಾನ ಉಳಿಯಲಿಲ್ಲ. ಗಾಯ ಯಾವಾಗ ಆದದ್ದು ಅಂತ ಕೇಳಿದರೆ ನಿನ್ನೆ ಅಂದರು. ನಿನ್ನೆಯಿಂದಲೂ ಹೀಗೇ ತೊಟ್ಟಿಕ್ಕುತ್ತಿದೆಯಂತೆ.

ತುಟಿ ಎತ್ತಿ ಒಸಡು ನೋಡಿದೆ. ಬಿಳಿಚಿಕೊಂಡಿತ್ತು, ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆ. ಹೊಟ್ಟೆಯ ಕೆಳಗಿನ ಕೂದಲಿಲ್ಲದ ಜಾಗದಲ್ಲೂ ಅದೇ ಚುಕ್ಕೆ. ಜ್ವರ ನೂರಾ ಮೂರರ ಮೇಲಿತ್ತು. ಕಿವಿಯೊಳಗೆ ಉಣ್ಣಿಗಳು ಸಾಲಾಗಿ ಕೂತಿದ್ದವು. ಇಷ್ಟು ದಿನದಲ್ಲಿ ಈ ನಾಯಿಯನ್ನು ಎರಡು ಸಲ ಮುಟ್ಟಿದ್ದೆ, ಇದ್ಯಾವುದನ್ನೂ ಸರಿಯಾಗಿ ನೋಡಿರಲಿಲ್ಲ. ಉಣ್ಣಿ ಇಲ್ಲದ ಹಟ್ಟಿಯ ನಾಯಿ ನಮ್ಮ ಕಡೆ ಎಲ್ಲಿದೆ, ಕಣ್ಣಿಗೆ ಅದು ರೂಢಿಯಾಗಿ ಹೋಗಿತ್ತು.

ಇನ್ನೊಂದು ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಹರಡಿದೆ. ಬಣ್ಣ ಹಾಕಿ ಒಣಗಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಹಸುಗಳ ಉಣ್ಣಿಜ್ವರ ನೋಡಲು ವಾರಕ್ಕೆರಡು ಸಲ ನಾವು ಬಳಸುವ ಸೂಕ್ಷ್ಮದರ್ಶಕವೇ ಅದು. ಡೆಂಗಿ ಬಂದಾಗ ಎಲ್ಲರ ಬಾಯಲ್ಲೂ ಕೇಳುವ ಪ್ಲೇಟ್‌ಲೆಟ್, ರಕ್ತ ಹೆಪ್ಪುಗಟ್ಟಿಸುವ ಕಣ, ಒಂದೊಂದು ನೋಟಕ್ಕೆ ಹತ್ತಿಪ್ಪತ್ತಾದರೂ ಕಾಣಬೇಕು. ನಾನು ಗಾಜನ್ನು ಸರಿಸುತ್ತ ಹೋದೆ. ಒಂದು ಕಂಡಿತು, ಇನ್ನೊಂದು ಕಡೆ ಎರಡು, ಮತ್ತೊಂದು ಕಡೆ ಏನೂ ಇಲ್ಲ. ಅರ್ಧ ತಾಸು ಹುಡುಕಿದ ಮೇಲೆ ಒಂದು ಬಿಳಿ ರಕ್ತಕಣದೊಳಗೆ ನೇರಳೆ ಬಣ್ಣದ ರೋಗಾಣುಗಳ ಪುಟ್ಟ ಗೊಂಚಲು ಸಿಕ್ಕಿತು. ನಾಯಿಗಳ ಉಣ್ಣಿಜ್ವರ.

ಹೋದ ಗುರುವಾರ ಆ ಎರಡು ರೊಟ್ಟಿ ಹೊಟ್ಟೆಯಲ್ಲಿ ಇರದಿದ್ದರೆ ನಾನು ಈ ನಾಯಿಯನ್ನು ಕೊಯ್ದಿರುತ್ತಿದ್ದೆ. ಹೊಲಿಗೆ ಹಾಕಿ ಮನೆಗೆ ಕಳಿಸಿರುತ್ತಿದ್ದೆ. ಸಂಜೆಯ ಹೊತ್ತಿಗೆ ಒಳಗೊಳಗೇ ರಕ್ತ ಸೋರಿ ಸತ್ತಿರುತ್ತಿತ್ತು.

ಹುಮನಾಬಾದಿನ ನಾಯಿ ಸತ್ತದ್ದೂ ಸಂಜೆಗೆ. ಅರಿವಳಿಕೆ ಹೆಚ್ಚಾಗಿದ್ದರೆ ಅದು ಮೇಜಿನ ಮೇಲೇ ಉಸಿರು ನಿಲ್ಲಿಸುತ್ತಿತ್ತು, ಎದ್ದು ನಿಂತು ಮನೆಗೆ ನಡೆದು ಹೋಗಿ ಆರು ತಾಸಿನ ಮೇಲೆ ಸಾಯುತ್ತಿರಲಿಲ್ಲ. ಇಷ್ಟು ಸರಳ ಸಂಗತಿ ಎರಡು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಹೊಳೆಯದಿರಲಿ ಅಂತಲೇ ನಾನು ಆ ದಿನದ ಬಗ್ಗೆ ಯೋಚಿಸುವುದನ್ನು ಬಿಟ್ಟಿದ್ದೆ.

ಗಂಡನಿಗೆ ಕಾಯಿಲೆಯ ವಿಷಯ ಹೇಳಿದೆ. ದಿನಕ್ಕೊಂದು ಸಲ ಮಾತ್ರೆ, ಇಪ್ಪತ್ತೆಂಟು ದಿನ, ಒಂದು ದಿನವೂ ತಪ್ಪಬಾರದು. ಹಾಲಿನಲ್ಲಿ ಕೊಡಬಾರದು, ಖಾಲಿ ಹೊಟ್ಟೆಯಲ್ಲಿ ಕೊಡಬಾರದು. ಮೈಮೇಲಿನ ಉಣ್ಣಿಗೆ, ಹಟ್ಟಿಯ ಸಂದುಗಳಿಗೆ ಬೇರೆ ಔಷಧಿ. ಅಲ್ಲಿಯವರೆಗೆ ಸರಪಳಿಯಲ್ಲಿ ಕಟ್ಟಿಡಬೇಕು. ಅವರು ಎಲ್ಲ ಕೇಳಿ, ಹಂಗಾದ್ರ ಆಪರೇಷನ್ ಇಲ್ಲೇನ್ರಿ ಅಂದರು. ಮುಖದ ಮೇಲೆ ನಿರಾಳ ಕಾಣುತ್ತಿತ್ತು. ಮೊದಲು ಇದು ಗುಣವಾಗಲಿ ಅಂದೆ.

ಆ ಭಾನುವಾರ ಮಾಸ್ತರರ ಮನೆಗೆ ಹೋದೆ. ನಮ್ಮ ಮನೆಯಿಂದ ನಾಲ್ಕು ಓಣಿ ಆಚೆ, ಆದರೂ ಎರಡು ವರ್ಷ ಆ ಓಣಿ ತಪ್ಪಿಸಿಯೇ ಓಡಾಡಿದ್ದೆ. ಅವರು ಅಂಗಳದಲ್ಲಿ ಪತ್ರಿಕೆ ಓದುತ್ತಿದ್ದರು. ಕೂರಿಸಿದರು, ನೀರು ತಂದುಕೊಟ್ಟರು. ನಾನು ನೇರವಾಗಿ ಕೇಳಿದೆ, ಆಪರೇಷನ್ನಿಗೆ ಮೊದಲು ನಾಯಿಗೆ ಏನಾದರೂ ತೊಂದರೆ ಇತ್ತೇ, ಜ್ವರ, ರಕ್ತ, ಏನಾದರೂ.

ಅವರು ಬಹಳ ಹೊತ್ತು ಯೋಚಿಸಲಿಲ್ಲ. “ವಾರದ ಹಿಂದ ಮೂಗಿನ್ಯಾಗ ಎರಡು ಸಲ ರಕ್ತ ಬಂದಿತ್ತು ನೋಡ್ರಿ. ಬಿಸಲಿಗೆ ಅಂತ ತಿಳಕೊಂಡಿವಿ. ನೀವು ಕೇಳಲಿಲ್ಲ, ನಮಗ ಹೇಳಬೇಕು ಅಂತ ಹೊಳೀಲಿಲ್ಲ.”

ಗಾಜಿನ ಮೇಲೆ ನಾನು ಕಂಡದ್ದನ್ನು, ಆ ದಿನ ನಾನು ಏನು ಮಾಡಬೇಕಿತ್ತು ಅನ್ನುವುದನ್ನು ಹೇಳಿದೆ. ನನ್ನದೇ ತಪ್ಪು ಅಂದೆ. ಅವರು ಪತ್ರಿಕೆಯನ್ನು ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದರು. ಅವರ ಹೆಂಡತಿ ಒಳಗಿನಿಂದ ಕೇಳಿಸಿಕೊಂಡಿರಬೇಕು, ಚಹಾ ತರುತ್ತಾರೆ ಅಂದುಕೊಂಡಿದ್ದೆ, ತರಲಿಲ್ಲ. ಹೊರಡುವಾಗ ಮಾಸ್ತರರು ಗೇಟಿನವರೆಗೆ ಬಂದರು. ಹೇಳಿದ್ದು ಛಲೋ ಆಯ್ತು ಅಂದರು. ಪರವಾಗಿಲ್ಲ ಅನ್ನಲಿಲ್ಲ.

ಇತ್ತ ಇಪ್ಪತ್ತೆಂಟು ದಿನ ನಡೆಯುತ್ತಿತ್ತು. ನನಗೆ ಅಚ್ಚರಿಯಾದದ್ದು ಗಂಡನ ವಿಷಯದಲ್ಲಿ. ಮಾತ್ರೆಯ ಜವಾಬ್ದಾರಿ ಅವರೇ ತೆಗೆದುಕೊಂಡಿದ್ದರು. ರೊಟ್ಟಿಯ ತುಣುಕಿನಲ್ಲಿ ಮಾತ್ರೆ ಒತ್ತಿ ತಿನ್ನಿಸಿ, ದಿನಕ್ಕೊಂದು ಇದ್ದಿಲಿನ ಗೆರೆ ಗೋಡೆಯ ಮೇಲೆ ಎಳೆಯುತ್ತಿದ್ದರಂತೆ. ಹದಿನಾಲ್ಕನೆಯ ದಿನ ರಕ್ತ ನೋಡಿದಾಗ ಪ್ಲೇಟ್‌ಲೆಟ್ ಅರ್ಧಕ್ಕರ್ಧ ಏರಿತ್ತು. ಇಪ್ಪತ್ತೆಂಟಕ್ಕೆ ಮತ್ತೆ ನೋಡಿದೆ, ಪ್ರತಿ ನೋಟಕ್ಕೂ ತುಂಬಾ ಕಂಡವು. ಒಸಡು ಗುಲಾಬಿಯಾಗಿತ್ತು. ತುಟಿಯ ಒಳಬದಿಗೆ ಸಣ್ಣ ಗೀರು ಹಾಕಿ ಗಡಿಯಾರ ನೋಡುತ್ತ ಕೂತೆ, ಮೂರು ನಿಮಿಷದೊಳಗೆ ರಕ್ತ ನಿಂತಿತು.

ಈಗ ಮಾಡಬಹುದಿತ್ತು. ಅಕ್ಕನೂ ಅದನ್ನೇ ಕೇಳಲು ಕಾಯುತ್ತ ನಿಂತಿದ್ದರು, ಗಂಡ ಹೊರಗೆ ಬೇವಿನ ಮರದ ಕೆಳಗೆ ನಾಯಿಯನ್ನು ಹಿಡಿದುಕೊಂಡಿದ್ದರು. ನಾನು ಕಾಕಾನನ್ನು ಹೊರಗೆ ಕಳಿಸಿ ಅಕ್ಕನನ್ನು ಕೂರಿಸಿದೆ. ಹುಮನಾಬಾದಿನ ಮಾಸ್ತರರ ನಾಯಿಗೆ ಆಪರೇಷನ್ ಮಾಡಿದವಳು ನಾನೇ ಅಂದೆ. ಇವನಿಗೆ ಇದ್ದ ಕಾಯಿಲೆಯೇ ಅದಕ್ಕೂ ಇದ್ದಿರಬೇಕು, ನಾನು ರಕ್ತ ನೋಡಲಿಲ್ಲ, ಕೇಳಬೇಕಾದ್ದನ್ನು ಕೇಳಲಿಲ್ಲ ಅಂದೆ. ಇದನ್ನು ಕೇಳಿದ ಮೇಲೆ ನೀವು ಬೇಡ ಅಂದರೆ ನನಗೆ ಬೇಜಾರಿಲ್ಲ, ಬೀದರಿಗೆ ಗಾಡಿಯ ವ್ಯವಸ್ಥೆಯನ್ನು ನಾನೇ ಮಾಡಿಕೊಡುತ್ತೇನೆ ಅಂದೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

“ಅದು ನನಗ ಮೊದಲೇ ಮಾಲೂಮ್ ಇತ್ರಿ ಮೇಡಂ. ನಮ್ಮ ತಂಗಿ ನಿಮ್ಮ ಹೆಸರು ಹಿಡಿದೇ ಹೇಳಿದ್ದಳು. ಅವತ್ತ ನಾನು ಆ ಮಾತು ತೆಗೆದಿದ್ದು, ನೀವೇ ಹೇಳ್ತೀರೇನು ನೋಡಬೇಕಂತ.”

ನಾನು ಮೇಜಿನ ಮೇಲಿದ್ದ ರಿಜಿಸ್ಟರನ್ನು ಮುಚ್ಚಿದೆ.

“ನೀವು ಬಾಯಿ ಬಿಡಲಿಲ್ಲ. ಅದಕ್ಕೇ ನಾನು ಇವತ್ತ ಹೂಂ, ನಾಳಿಗಿ ಬ್ಯಾಡ ಅಂತ ಮಾಡಾಕತ್ತಿದ್ದೆ. ನೀವು ಬೈದ್ರಿ. ಬೈಸ್ಕೊಂಡೆ.” ಹೊರಗೆ ನಾಯಿಯ ಕಡೆ ನೋಡಿ ಹೇಳಿದರು, “ಈಗ ಮಾಡ್ರಿ. ಬೀದರಿಗಿ ಯಾಕ.”

ಒಂದು ತಿಂಗಳು ಅವರ ಫೋನು ಬಂದಾಗಲೆಲ್ಲ ಮುಖ ಸಿಂಡರಿಸಿಕೊಂಡಿದ್ದೆ, ಕಾಕಾನ ಮುಂದೆ ಅವರನ್ನು ಎರಡು ನಾಲಿಗೆಯ ಹೆಂಗಸು ಅಂದಿದ್ದೆ. ಅದೆಲ್ಲ ಒಟ್ಟಿಗೆ ನೆನಪಾಗಿ ಅಲ್ಲಿಂದ ಎದ್ದು ಹೋಗಬೇಕೆನಿಸಿತು. ಎದ್ದು ಹೋಗದೆ ದಿನ ಗೊತ್ತು ಮಾಡಿದೆ.

ಆ ದಿನ ವಾಘ್ಯಾನ ಹೊಟ್ಟೆ ನಿಜಕ್ಕೂ ಖಾಲಿಯಿತ್ತು. ಗಂಡ ತಾವೂ ಏನೂ ತಿಂದಿರಲಿಲ್ಲ. ಮುಂಗಾಲಿನ ನರಕ್ಕೆ ಸೂಜಿ ಸಿಕ್ಕಿಸಿ ಸಲೈನ್ ಹಚ್ಚಿದೆ. ಮೊದಲ ಚುಚ್ಚುಮದ್ದು ಕೊಟ್ಟು ಹತ್ತು ನಿಮಿಷ ಕಾದು, ಎರಡನೆಯದನ್ನು ಪೂರ್ತಿ ಕೊಡದೆ ಸ್ವಲ್ಪ ಸ್ವಲ್ಪವಾಗಿ ಒಳಗೆ ಬಿಟ್ಟೆ. ತಲೆ ವಾಲಿತು. ಬೆನ್ನ ಮೇಲೆ ಮಲಗಿಸಿ ಕಾಲು ಕಟ್ಟಿ, ಕೂದಲು ಬೋಳಿಸಿ, ಔಷಧಿ ಬಳಿದೆವು. ಗಂಡನನ್ನು ಹೊರಗೆ ಕೂರಲು ಹೇಳಿದರೆ ಕೇಳಲಿಲ್ಲ, ಗೋಡೆಗೆ ಮುಖ ಮಾಡಿ ಒಳಗೇ ನಿಂತರು. ಅಕ್ಕ ನಾಯಿಯ ತಲೆಯ ಹತ್ತಿರ ನಿಂತಿದ್ದರು.

ಬೀಜದ ಚೀಲದ ಮುಂದೆ ಒಂದು ಅಂಗುಲ ಕೊಯ್ದು ಮೊದಲ ಬೀಜವನ್ನು ಮೇಲಕ್ಕೆ ತಳ್ಳಿದೆ. ಇಕ್ಕಳ ಹಾಕುವಷ್ಟರಲ್ಲಿ ಕರೆಂಟು ಹೋಯಿತು. ಕಾಕಾ ಮೇಜನ್ನು ನಾಯಿ ಸಮೇತ ಕಿಟಕಿಯ ಹತ್ತಿರಕ್ಕೆ ಎಳೆದರು. ಆ ಗದ್ದಲದಲ್ಲಿ ನಾನು ನಾಯಿಯ ಎದೆ ನೋಡಿರಲಿಲ್ಲ. ಅಕ್ಕ ನೋಡಿದರು. ಹೊಟ್ಟಿ ಅಲ್ಲಾಡಾಕತ್ತಿಲ್ರಿ ಮೇಡಂ ಅಂದರು, ಬಹಳ ಶಾಂತವಾಗಿ.

ಉಸಿರು ನಿಂತಿತ್ತು. ಇಕ್ಕಳ ಅಲ್ಲೇ ಬಿಟ್ಟು ನಾಲಿಗೆ ಹೊರಗೆಳೆದೆ, ಕುತ್ತಿಗೆ ನೀಳ ಮಾಡಿದೆ. ಎದೆಗೂಡಿನ ಮೇಲೆ ಅಂಗೈ ಇಟ್ಟು ಒತ್ತಿ ಬಿಟ್ಟೆ, ಒತ್ತಿ ಬಿಟ್ಟೆ. ಹೃದಯ ಬಡಿಯುತ್ತಿತ್ತು, ಬೆರಳಿಗೆ ಸಿಗುತ್ತಿತ್ತು. ಈ ಔಷಧಿಯಲ್ಲಿ ಹೀಗಾಗುವುದುಂಟು ಅಂತ ಪುಸ್ತಕದಲ್ಲಿದೆ, ನಾನೂ ಓದಿದ್ದೇನೆ, ಆದರೆ ಆ ಹೊತ್ತಿನಲ್ಲಿ ಪುಸ್ತಕ ಎಲ್ಲಿರುತ್ತದೆ. ಹನ್ನೆರಡು ಸಲ ಒತ್ತಿದೆ. ಹದಿಮೂರನೆಯ ಸಲಕ್ಕೆ ವಾಘ್ಯಾ ತಾನೇ ಒಂದು ದೊಡ್ಡ ಉಸಿರು ಎಳೆದುಕೊಂಡ. ಆಮೇಲೆ ಇನ್ನೊಂದು. ಗೋಡೆಯ ಕಡೆ ಮುಖ ಮಾಡಿದ ಗಂಡನಿಗೆ ಇದ್ಯಾವುದೂ ಗೊತ್ತಾಗಲಿಲ್ಲ, ಯಾರೂ ಹೇಳಲೂ ಇಲ್ಲ.

ಅಲ್ಲಿಂದ ಮುಂದೆ ಉಸಿರು ಎಣಿಸುವ ಕೆಲಸ ಅಕ್ಕನದು. ನಾನು ಗ್ಲೌಸು ಬದಲಿಸಿ ಕೆಲಸಕ್ಕೆ ತಿರುಗಿದೆ. ರಕ್ತನಾಳಕ್ಕೆ ಎರಡು ಗಂಟು, ಒಂದರ ಕೆಳಗೆ ಒಂದು. ಕತ್ತರಿಸಿ, ಇಕ್ಕಳ ಮೆಲ್ಲಗೆ ಸಡಿಲಿಸಿ ತುದಿಯನ್ನು ನೋಡುತ್ತ ನಿಂತೆ. ಒಣಗಿತ್ತು. ಇನ್ನೂ ನೋಡಿದೆ. ಕೊನೆಗೆ ಕಾಕಾ, ಎಷ್ಟೊತ್ತ ನೋಡ್ತೀರಿ ಮೇಡಂ, ಬಿಗಿ ಅದ, ಅಂದರು. ಎರಡನೆಯದೂ ಹಾಗೇ ಆಯಿತು. ಒಳಗೆ ಹೊಲಿಗೆ, ಹೊರಗೆ ಹೊಲಿಗೆ. ಕರೆಂಟು ಬಂದದ್ದು ಎಲ್ಲ ಮುಗಿದ ಮೇಲೆ.

ಮನೆಗೆ ಕಳಿಸಲಿಲ್ಲ. ಸಂಜೆಯವರೆಗೆ ಆಸ್ಪತ್ರೆಯ ಕಟ್ಟೆಯ ಮೇಲೆ ಚಾದರ ಹೊದಿಸಿ ಮಲಗಿಸಿದೆವು. ಅರ್ಧ ತಾಸಿಗೊಮ್ಮೆ ಒಸಡು ನೋಡಿದೆ, ನಡುವೆ ಎಮ್ಮೆಗಳನ್ನೂ ನೋಡಿದೆ. ನಾಲ್ಕು ಗಂಟೆಗೆ ವಾಘ್ಯಾ ಎದ್ದು ನಿಂತು, ತೂರಾಡಿ, ಗಂಡನ ಚಪ್ಪಲಿಯ ಮೇಲೆ ಉಚ್ಚೆ ಹೊಯ್ದ. ಅವರು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನು ಆ ದಿನ ಹುಮನಾಬಾದಿನ ಕೊನೆಯ ಬಸ್ಸಿಗೆ ಹೋದೆ, ದಾರಿಯಲ್ಲಿ ರಾಜೇಶ್ವರ ಊರು ದಾಟುವ ಮೊದಲೇ ಎರಡು ಸಲ ಫೋನು ಮಾಡಿ ರಕ್ತ ಬಂತೇ ಅಂತ ಕೇಳಿದೆ. ಎರಡನೆಯ ಸಲ ಅಕ್ಕ, ಮೇಡಂ, ನೀವು ಮಲಗ್ರಿ ಅಂದರು.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದರೆ ಅದು ನನ್ನ ಭ್ರಮೆ. ಹೊಲಿಗೆ ಬಿಚ್ಚಿದ ನಾಲ್ಕನೆಯ ದಿನ ವಾಘ್ಯಾ ಸರಪಳಿಯ ಕೊಂಡಿ ಕಳಚಿಕೊಂಡು ಮತ್ತೆ ಓಡಿಹೋದ. ಅಕ್ಕನ ಫೋನು ಬಂತು, ಈ ಸಲ ಅವರ ದನಿ ಏರಿತ್ತು. ಇಷ್ಟೆಲ್ಲ ಮಾಡಿ ಏನು ಬಂತು ಅಂದರು. ಬೀಜ ತೆಗೆದರೂ ಅದರ ಅಂಶ ರಕ್ತದಲ್ಲಿ ಕೆಲವು ವಾರ ಉಳಿದಿರುತ್ತದೆ, ರೂಢಿಯೂ ಇರುತ್ತದೆ, ನಾನು ಮೊದಲೇ ಹೇಳಿದ್ದೆ ಅಂದೆ. ಹೇಳಿಲ್ಲ ಅಂದರು. ಹೇಳಿದ್ದೆ ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಇದನ್ನೇ ಹೇಳಿದೆವು. ಮರುದಿನ ಸಂಜೆಗೆ ಅವನು ತಾನೇ ತಿರುಗಿ ಬಂದ, ಮೈಮೇಲೆ ಗೀರು ಕೂಡ ಇರಲಿಲ್ಲ. ಅಲ್ಲಿ ಹೋಗಿ ಏನು ಮಾಡಬೇಕು ಅಂತ ಅವನಿಗೇ ಮರೆತಿರಬೇಕು ಅಂತ ಅಕ್ಕ ಹೇಳಿದರು. ಆಮೇಲೆ ಎಲ್ಲಿಗೂ ಹೋಗಲಿಲ್ಲ. ಗಂಡ ಮಾತ್ರ ಊರಲ್ಲಿ ವಾಘ್ಯಾನಿಗೆ ಆದದ್ದು ಹರ್ನಿಯಾ ಆಪರೇಷನ್ ಅಂತ ಹೇಳಿಕೊಂಡು ಓಡಾಡಿದರು, ಈಗಲೂ ಅದನ್ನೇ ಹೇಳುತ್ತಾರೆ. ನಾನು ತಿದ್ದಲು ಹೋಗಿಲ್ಲ.

ಈಗ ನನ್ನ ಮೇಜಿಗೆ ಬರುವ ಪ್ರತಿ ನಾಯಿಯ ರಕ್ತ ನೋಡುತ್ತೇನೆ. ಅದಕ್ಕೆ ಹೊತ್ತು ಹಿಡಿಯುತ್ತದೆ, ಹೊರಗೆ ಎಮ್ಮೆಯವರು ಗೊಣಗುತ್ತಾರೆ, ಕಾಕಾ ಗಾಜು ತೊಳೆದು ತೊಳೆದು ಸಾಕಾಗಿದ್ದಾರೆ.

ದಸರೆ ಕಳೆದ ಮೇಲೆ ಆಡುಗಳಿಗೆ ಲಸಿಕೆ ಹಾಕಲು ಆ ಕಡೆ ಹೋದೆವು. ಬೈಕು ಹಟ್ಟಿಯಿಂದ ನೂರು ಮಾರು ದೂರದಲ್ಲಿರುವಾಗಲೇ ವಾಘ್ಯಾ ಬಾಗಿಲಿನಿಂದ ಎದ್ದ. ಕಾಕಾನನ್ನು ಮೂಸಿ ನೋಡಿ ಒಳಗೆ ಬಿಟ್ಟ. ನನ್ನನ್ನು ಬಿಡಲಿಲ್ಲ. ಬೈಕಿನಿಂದ ಕಾಲು ಕೆಳಗಿಟ್ಟರೆ ಹಲ್ಲು ತೋರಿಸುತ್ತಿದ್ದ. ಗಂಡ ಬಂದು ಕೊರಳಪಟ್ಟಿ ಹಿಡಿದು ಹುಣಸೆಮರಕ್ಕೆ ಕಟ್ಟಿದರು. ಇಪ್ಪತ್ತೊಂಬತ್ತು ಆಡು, ಹನ್ನೊಂದು ಹೊಸ ಮರಿ. ಒಂದೊಂದನ್ನೂ ಹಿಡಿದು ಚುಚ್ಚುವಷ್ಟು ಹೊತ್ತೂ, ಒಂದೂವರೆ ತಾಸು, ಆ ನಾಯಿ ಒಂದೇ ಸಮನೆ ನನ್ನ ಮೇಲೆ ಬೊಗಳಿತು. ಕಾಕಾ ಎಣಿಕೆ ತಪ್ಪಿ ಎರಡು ಸಲ ಮೊದಲಿನಿಂದ ಶುರು ಮಾಡಿದರು. ನನ್ನ ತಲೆ ಸಿಡಿಯುತ್ತಿತ್ತು. ಬಾಯಿ ಕಟ್ಟಿರೋ ಅದರದು ಅಂತ ಕೊನೆಗೆ ನಾನೇ ಕೂಗಿದೆ.

ಅಕ್ಕ ಮರಿಯೊಂದನ್ನು ತೊಡೆಸಂದಿಯಲ್ಲಿ ಒತ್ತಿ ಹಿಡಿದುಕೊಂಡು ನನ್ನ ಸೂಜಿಗೆ ಕಾಯುತ್ತಿದ್ದರು. ತಲೆಯೆತ್ತಲಿಲ್ಲ.

“ಬೊಗಳ್ಲಿ ಬಿಡ್ರಿ ಮೇಡಂ” ಅಂದರು.